ಕಾಂಫ್ರಿಯೂ ಗೊಬ್ಬರದ ಗಿಡವೂ: ಬಾಲ್ಕನಿಯ ಕೈತೋಟಕ್ಕೆ ಸೊಪ್ಪಿನ ಗೊಬ್ಬರ

ಸೀವುಡ್ಸ್‌ನ ಬಹುಮಹಡಿ ಕಟ್ಟಡಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಅಂಗಳದ ಭಾಗ್ಯವಿಲ್ಲ. ಆದರೂ ಬಾಲ್ಕನಿಯ ಕುಂಡಗಳಲ್ಲಿ ತುಳಸಿ, ಕರಿಬೇವು, ದೊಡ್ಡಪತ್ರೆ, ಒಂದೆಲಗ, ವೀಳ್ಯದ ಬಳ್ಳಿ ಮೊದಲಾದವನ್ನು ಬೆಳೆಸುವ ಹವ್ಯಾಸವನ್ನು ಹೆಚ್ಚಿನ ಕುಟುಂಬಗಳು ಬಿಟ್ಟಿಲ್ಲ. ನರ್ಸರಿಯಿಂದ ಚೀಲದಲ್ಲಿ ತಂದ ಕೆಂಪು ಮಣ್ಣಿನಲ್ಲಿ ಮೊದಲ ವರ್ಷ ಗಿಡ ನಳನಳಿಸುತ್ತದೆ. ಎರಡನೆಯ ವರ್ಷ ಎಲೆ ಹಳದಿಗೆ ತಿರುಗುತ್ತದೆ. ಇದಕ್ಕೆ ರೋಗವೇ ಕಾರಣವಾಗಿರಬೇಕೆಂದಿಲ್ಲ. ಕುಂಡದಲ್ಲಿರುವುದು ನಾಲ್ಕು ಬೊಗಸೆ ಮಣ್ಣು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಡು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಇಲ್ಲಿನ ಮಳೆ, ಆ ಮಣ್ಣಿನ ಸಾರಜನಕವನ್ನೂ ಪೊಟ್ಯಾಷನ್ನೂ ಕುಂಡದ ತಳದ ರಂಧ್ರದಿಂದ ತೊಳೆದು ಒಯ್ಯುತ್ತದೆ. ಹೋದುದನ್ನು ಮರಳಿ ಕೊಡದಿದ್ದರೆ ಗಿಡ ಬದುಕುವುದೆಂತು?

ಇಂಥ ಸಂದರ್ಭದಲ್ಲಿ ತೋಟಗಾರಿಕೆಯ ಇಂಗ್ಲಿಷ್ ಪುಸ್ತಕಗಳನ್ನು ಓದಿದವರ ಬಾಯಿಂದ ಕೇಳಿಬರುವ ಹೆಸರು ಕಾಂಫ್ರಿ. ಯುರೋಪಿನ ನೀರಾಶ್ರಯದ ತಂಪು ನೆಲಗಳಲ್ಲಿ ಬೆಳೆಯುವ, ಅಗಲವಾದ ಒರಟು ರೋಮದ ಎಲೆಗಳುಳ್ಳ ಈ ಸಸ್ಯ ಆಳಕ್ಕೆ ಬೇರಿಳಿಸುತ್ತದೆ. ಎಲೆಗಳಲ್ಲಿ ಪೊಟ್ಯಾಷಿನ ಅಂಶ ಹೇರಳವಾಗಿದೆ. ನಾರು ಕಡಿಮೆಯಾದ್ದರಿಂದ ಕೊಯ್ದು ಹಾಕಿದ ಕೆಲವೇ ವಾರಗಳಲ್ಲಿ ಕರಗಿ ಮಣ್ಣಾಗುತ್ತವೆ. 19ನೆಯ ಶತಮಾನದಲ್ಲಿ ಹೆನ್ರಿ ಡಬಲ್‌ಡೇ ಎಂಬಾತ ಇದರ ರಷ್ಯನ್ ತಳಿಯನ್ನು ಇಂಗ್ಲೆಂಡಿಗೆ ತರಿಸಿದನು. ಅಂಚೆಚೀಟಿಗೆ ಹಚ್ಚುವ ಅಂಟು ಅದರಿಂದ ದೊರೆಯಬಹುದೆಂಬುದು ಆತನ ಆಸೆಯಾಗಿತ್ತು. ಅಂಟು ಸಿಗಲಿಲ್ಲ, ಗಿಡ ಉಳಿಯಿತು. 1950ರ ದಶಕದಲ್ಲಿ ಲಾರೆನ್ಸ್ ಹಿಲ್ಸ್ ಎಂಬ ತೋಟಗಾರ ಎಸೆಕ್ಸ್ ಪ್ರಾಂತದ ಬೋಕಿಂಗ್ ಗ್ರಾಮದಲ್ಲಿ ಅದರ ಹಲವು ಬಗೆಗಳನ್ನು ಪರೀಕ್ಷಿಸಿ, ‘ಬೋಕಿಂಗ್ 14’ ಎಂಬುದನ್ನು ಆರಿಸಿದನು. ಅದು ಬೀಜ ಬಿಡುವುದಿಲ್ಲ. ಬೇರಿನ ತುಂಡಿನಿಂದಲೇ ಬೆಳೆಸಬೇಕು.

ಗೊಬ್ಬರವಾಗಿ ಕಾಂಫ್ರಿಯ ಗುಣವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದನ್ನು ಮನೆಗೆ ತರುವ ಮೊದಲು ಒಂದು ಅಪಾಯವನ್ನು ಅರಿತಿರಬೇಕು. ಒಂದು ಕಾಲದಲ್ಲಿ ಆರೋಗ್ಯ ಲೇಖನಗಳು ಕಾಂಫ್ರಿಯ ಎಲೆಯನ್ನು ಪಲ್ಯಕ್ಕೂ ಕಷಾಯಕ್ಕೂ ಸೂಚಿಸುತ್ತಿದ್ದವು. ಅದರಲ್ಲಿ ಬಿ-12 ಜೀವಸತ್ತ್ವವಿದೆಯೆಂದು ಸಸ್ಯಾಹಾರಿಗಳಿಗೆ ವಿಶೇಷವಾಗಿ ಹೇಳಲಾಗುತ್ತಿತ್ತು. ಆ ನಂಬಿಕೆ ನಿಲ್ಲಲಿಲ್ಲ. ಕಾಂಫ್ರಿಯ ಬೇರು ಮತ್ತು ಎಲೆಗಳಲ್ಲಿ ಪೈರೊಲಿಜಿಡಿನ್ ಎಂಬ ವರ್ಗದ ಕ್ಷಾರಗಳಿವೆ. ಅವು ಯಕೃತ್ತಿನ ಸೂಕ್ಷ್ಮ ರಕ್ತನಾಳಗಳನ್ನು ಮುಚ್ಚಿಬಿಡುತ್ತವೆ. ಹೊಟ್ಟೆಯಲ್ಲಿ ನೀರು ತುಂಬಿ, ಯಕೃತ್ತು ಕೆಲಸ ನಿಲ್ಲಿಸಬಹುದು. ಈ ಕಾರಣದಿಂದ 2001ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಕಾಂಫ್ರಿಯುಳ್ಳ ಪೂರಕ ಆಹಾರಗಳನ್ನು ಮಾರುಕಟ್ಟೆಯಿಂದ ಹಿಂತೆಗೆಯುವಂತೆ ತಯಾರಕರಿಗೆ ಸೂಚಿಸಿತು.

ಇದು ಪರದೇಶದ ಮಾತೆಂದು ಕೈಬಿಡುವಂತಿಲ್ಲ. ಇದೇ ವರ್ಗದ ವಿಷ ಗಿಲಿಗಿಚ್ಚಿ ಕುಲದ ಗಿಡಗಳಲ್ಲೂ ಇದೆ. ಹೊಲಕ್ಕೆ ಹಸಿರು ಗೊಬ್ಬರವೆಂದು ಬಿತ್ತುವ ಸೆಣಬು ಅದೇ ಕುಲಕ್ಕೆ ಸೇರಿದ್ದು. 1975ರಲ್ಲಿ, ಅಂದು ಮಧ್ಯಪ್ರದೇಶಕ್ಕೆ ಸೇರಿದ್ದ ಸರ್ಗುಜಾ ಜಿಲ್ಲೆಯ ಹಳ್ಳಿಗಳಲ್ಲಿ ಸಾಮೆಯೊಡನೆ ಇಂಥ ಗಿಡದ ಬೀಜಗಳು ಬೆರೆತು, ಅದನ್ನುಂಡ ಅನೇಕರು ಯಕೃತ್ತಿನ ರೋಗಕ್ಕೆ ತುತ್ತಾದರು. ಹಲವರು ಮರಣ ಹೊಂದಿದರು. ಗೊಬ್ಬರಕ್ಕೆ ಒಳ್ಳೆಯದಾದ ಸೊಪ್ಪು ಒಲೆಗೂ ಒಳ್ಳೆಯದೆಂದು ಭಾವಿಸಬಾರದು. ಕಾಂಫ್ರಿಯ ಎಳೆಯ ಎಲೆಯನ್ನು ಪಾಲಕ್ ಎಂದು ಭ್ರಮಿಸಿ ಕೊಯ್ಯಲು ಮನೆಯ ಕೆಲಸದವರಿಗೂ ಮಕ್ಕಳಿಗೂ ಎಷ್ಟು ಹೊತ್ತು ಬೇಕು? ಅದೂ ಅಲ್ಲದೆ, ಸೀವುಡ್ಸ್‌ನ ಏಪ್ರಿಲ್-ಮೇ ತಿಂಗಳ ಸೆಕೆ ಈ ತಂಪು ನಾಡಿನ ಸಸ್ಯಕ್ಕೆ ಒಗ್ಗುವಂಥದ್ದಲ್ಲ. ಆಳಕ್ಕಿಳಿಯುವ ಬೇರಿಗೆ ಕುಂಡವೂ ಸಾಲದು.

ಕನ್ನಡ ನಾಡಿಗೆ ಸೊಪ್ಪಿನ ಗೊಬ್ಬರ ಹೊಸದಲ್ಲ. ಹಳೆಯ ಮೈಸೂರಿನ ರೈತರು ಹೊಂಗೆಯ ಸೊಪ್ಪನ್ನೂ ಎಕ್ಕದ ಸೊಪ್ಪನ್ನೂ ಗದ್ದೆಯ ಕೆಸರಿನಲ್ಲಿ ತುಳಿದು ನಾಟಿ ಮಾಡುತ್ತಿದ್ದರು. ಉತ್ತರ ಕನ್ನಡ ಜಿಲ್ಲೆಯಲ್ಲಂತೂ ಅಡಿಕೆ ತೋಟಕ್ಕೆಂದೇ ‘ಸೊಪ್ಪಿನ ಬೆಟ್ಟ’ಗಳು ಮೀಸಲಾಗಿವೆ. 1862ರಿಂದ 1956ರವರೆಗೆ ಆ ಜಿಲ್ಲೆ ಮುಂಬಯಿಯ ಆಡಳಿತಕ್ಕೇ ಸೇರಿತ್ತೆಂಬುದನ್ನು ಇಲ್ಲಿನ ವಾಚಕರು ಗಮನಿಸಬಹುದು. ಘಟ್ಟದ ಮೇಲೆ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟದ ಹಕ್ಕು ದೊರೆಯುತ್ತಿತ್ತು. ಅಲ್ಲಿಂದ ತಂದ ಸೊಪ್ಪು ಮೊದಲು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಿಗೆಯಾಗಿ, ಸಗಣಿ-ಗಂಜಳದೊಡನೆ ಬೆರೆತು, ಬಳಿಕ ತೋಟ ಸೇರುತ್ತಿತ್ತು. ಒಂದಕ್ಕೆ ಒಂಬತ್ತು! ತೋಟವೊಂದು ಎಷ್ಟು ಎಲೆಯನ್ನು ನುಂಗುತ್ತದೆಂಬುದಕ್ಕೆ ಬೇರೆ ಲೆಕ್ಕ ಬೇಕಿಲ್ಲ.

ಕಾಂಫ್ರಿಯ ಕೆಲಸವನ್ನು ಮುಂಬಯಿಯ ಆಸುಪಾಸಿನಲ್ಲಿ ಮಾಡಬಲ್ಲದ್ದು ಗ್ಲಿರಿಸಿಡಿಯಾ. ಕರ್ನಾಟಕದ ರೈತರಿಗೆ ಇದು ‘ಗೊಬ್ಬರದ ಗಿಡ’, ಮರಾಠಿಯಲ್ಲಿ ‘ಗಿರಿಪುಷ್ಪ’. ಮಧ್ಯ ಅಮೆರಿಕದಿಂದ ಬಂದ ಈ ಮರ ಇಲ್ಲಿನ ಗುಡ್ಡಗಳಲ್ಲಿಯೂ ರಸ್ತೆಯ ಬದಿಗಳಲ್ಲಿಯೂ ಬೆಳೆದಿದೆ. ಬೇಸಗೆಗೆ ಮುಂಚೆ ಎಲೆಯುದುರಿಸಿ, ಬರಿಯ ಕೊಂಬೆಗಳ ತುಂಬ ನಸುಗೆಂಪು ಹೂ ಬಿಟ್ಟು ನಿಂತಾಗ ಇದರ ಗುರುತು ಸುಲಭ. ದ್ವಿದಳ ಜಾತಿಯದಾದ್ದರಿಂದ ಬೇರಿನ ಗಂಟುಗಳು ಗಾಳಿಯ ಸಾರಜನಕವನ್ನು ಹಿಡಿದಿಡುತ್ತವೆ. ಒಣಗಿದ ಎಲೆಯ ತೂಕದಲ್ಲಿ ನೂರಕ್ಕೆ ಮೂರು ಪಾಲಿಗೂ ಹೆಚ್ಚು ಸಾರಜನಕವಿರುತ್ತದೆ. ಇದೂ ತಿನ್ನುವ ಸೊಪ್ಪಲ್ಲ. ಗ್ಲಿರಿಸಿಡಿಯಾ ಎಂಬ ಹೆಸರಿನ ಅರ್ಥವೇ ‘ಇಲಿ ಕೊಲ್ಲುವುದು’ ಎಂದು.

ಬೀದಿಯ ಮರಕ್ಕೆ ಕತ್ತಿ ಹಾಕಲು ಹೊರಡಬಾರದು. ಮಹಾರಾಷ್ಟ್ರದ ನಗರ ಪ್ರದೇಶಗಳ ಮರಗಳ ಸಂರಕ್ಷಣೆಯ 1975ರ ಕಾಯಿದೆ ಅನುಮತಿಯಿಲ್ಲದೆ ಮರ ಕಡಿಯುವುದನ್ನು ನಿಷೇಧಿಸುತ್ತದೆ. ಮಳೆಗಾಲಕ್ಕೆ ಮುಂಚೆ ಸೊಸೈಟಿಯವರು ಅನುಮತಿ ಪಡೆದು ಕೊಂಬೆ ಸವರಿಸುವಾಗ ಕೆಳಗೆ ಬಿದ್ದ ಸೊಪ್ಪೇ ಹತ್ತಾರು ಮನೆಗಳಿಗೆ ಸಾಕು. ಗ್ಲಿರಿಸಿಡಿಯಾ ಇಲ್ಲದೆಡೆ ಮಳೆಮರದ ಎಲೆಯೂ ನಡೆಯುತ್ತದೆ.

ತಂದ ಸೊಪ್ಪನ್ನು ಕಡ್ಡಿಯಿಂದ ಬಿಡಿಸಿ, ಕೊಚ್ಚಿ, ಒಂದು ದಿನ ನೆರಳಿನಲ್ಲಿ ಬಾಡಿಸಬೇಕು. ಹೊಸ ಕುಂಡ ತುಂಬುವಾಗ ತಳದಲ್ಲಿ ನಾಲ್ಕು ಬೆರಳು ಮಣ್ಣು, ಅದರ ಮೇಲೆ ಅಷ್ಟೇ ದಪ್ಪಕ್ಕೆ ಒತ್ತಿದ ಸೊಪ್ಪು, ಮತ್ತೆ ಮಣ್ಣು. ಆದರೆ ಅಂದೇ ಸಸಿ ನೆಡಕೂಡದು. ಹಸಿ ಸೊಪ್ಪು ಕೊಳೆಯುವಾಗ ಕಾವು ಹುಟ್ಟಿ ಎಳೆಯ ಬೇರು ಸುಡುತ್ತದೆ. ಎರಡು ಮೂರು ವಾರ ತಾಳಬೇಕು. ಬೆಳೆದ ಗಿಡಕ್ಕಾದರೆ ಕಾಂಡಕ್ಕೆ ತಗಲದಂತೆ ಸುತ್ತಲೂ ಹರಡಿ, ತೆಳುವಾಗಿ ಮಣ್ಣು ಮುಚ್ಚಿದರಾಯಿತು.

ಪೊಟ್ಯಾಷಿನ ವಿಷಯದಲ್ಲಿ ಕಾಂಫ್ರಿಯ ಸಮಕ್ಕೆ ನಿಲ್ಲುವುದು ಬಾಳೆ. ಸತ್ಯನಾರಾಯಣ ಪೂಜೆಗೂ ಗಣೇಶ ಚತುರ್ಥಿಗೂ ಕಟ್ಟಿದ ಬಾಳೆಕಂದು ಮರುದಿನ ಕಸದ ಲಾರಿ ಸೇರುವುದು ನಷ್ಟವೇ ಸರಿ. ಅದನ್ನು ಸಣ್ಣಗೆ ಹೆಚ್ಚಿ ಸೊಪ್ಪಿನೊಡನೆ ಬೆರೆಸಿದರೆ ಹೂವು ಕಾಯಿ ಬಿಡುವ ಮಲ್ಲಿಗೆ, ಮೆಣಸಿನ ಗಿಡಗಳಿಗೆ ಬೇಕಾದುದು ಸಿಗುತ್ತದೆ.

ಸೊಪ್ಪನ್ನು ನೀರಿನಲ್ಲಿ ಕೊಳೆಸಿ ರಸವನ್ನು ಹಾಕುವ ಪದ್ಧತಿಯೂ ಉಂಟು. ಒಂದು ಕಿಲೋ ಸೊಪ್ಪಿಗೆ ಹತ್ತು ಲೀಟರ್ ನೀರು, ಎರಡು ಮೂರು ವಾರ; ಸೋಸಿ, ಇನ್ನಷ್ಟು ನೀರು ಬೆರೆಸಿ ಹಾಕುವುದು. ಆದರೆ ಅದರ ದುರ್ಗಂಧ ಮೂರು ಮಹಡಿ ಏರಬಲ್ಲದು. ಸೊಸೈಟಿಯ ಕಾರ್ಯದರ್ಶಿ ಬಾಗಿಲು ತಟ್ಟಿದರೆ ತಪ್ಪು ಅವರದಲ್ಲ. ಅದಕ್ಕಿಂತ ಮುಖ್ಯವಾಗಿ, ತೆರೆದಿಟ್ಟ ಬಕೆಟ್ಟಿನಲ್ಲಿ ವಾರದೊಳಗೆ ಸೊಳ್ಳೆ ಹುಟ್ಟುತ್ತದೆ. ಡೆಂಗೆ ಜ್ವರ ಮಳೆಗಾಲದ ಅತಿಥಿಯಾಗಿರುವ ಈ ಊರಿನಲ್ಲಿ ಬಿಗಿಯಾದ ಮುಚ್ಚಳವಿಲ್ಲದೆ ಆ ಕೆಲಸಕ್ಕೆ ಕೈಹಾಕಕೂಡದು. ಫ್ಲ್ಯಾಟಿನವರಿಗೆ ಮಣ್ಣಿನಲ್ಲಿ ಹೂಳುವ ಕ್ರಮವೇ ಲೇಸು.

ಸೊಸೈಟಿಯ ಆವರಣದಲ್ಲಿ ಜಾಗವಿದ್ದು ಸದಸ್ಯರ ಒಪ್ಪಿಗೆ ಸಿಕ್ಕರೆ, ಗೊಬ್ಬರದ ಗಿಡವನ್ನು ಅಲ್ಲಿಯೇ ಬೆಳೆಸಬಹುದು. ಹೆಬ್ಬೆರಳಿಗಿಂತ ದಪ್ಪನಾದ, ಮೂರು ನಾಲ್ಕು ಅಡಿ ಉದ್ದದ ಬಲಿತ ರೆಂಬೆಯನ್ನು ಮೊದಲ ಮಳೆ ಬಿದ್ದ ಮೇಲೆ ಒಂದಡಿ ಆಳಕ್ಕೆ ನೆಡಬೇಕು. ನೀರು ನಿಲ್ಲದಂತೆ ಮೇಲ್ತುದಿಯನ್ನು ಓರೆಯಾಗಿ ಕತ್ತರಿಸಿರಬೇಕು. ಮೊದಲ ವರ್ಷ ಅದರಿಂದ ಸೊಪ್ಪು ಕೀಳಬಾರದು.