ಗುಲಗಂಜಿ ಹುಳು: ಕುಸುಬೆಯ ಮೇಲಿನದು ಬೇರೆ, ಬದನೆಯ ಮೇಲಿನದು ಬೇರೆ

ಪ್ರಶ್ನೆ: ಎಳ್ಳಮವಾಸ್ಯೆಗೆ ಚರಗ ಚೆಲ್ಲಲು ಕಮಲಾಪುರದ ತವರುಮನೆಯ ಹೊಲಕ್ಕೆ ಹೋಗಿದ್ದೆ. ಕುಸುಬೆ ಗಿಡಗಳ ತುಂಬ ಗುಲಗಂಜಿ ಹುಳುಗಳಿದ್ದವು. ಜೊತೆಗೆ ಮೈಯೆಲ್ಲ ಮುಳ್ಳುಮುಳ್ಳಾದ ಕಪ್ಪು ಹುಳುಗಳೂ ಇದ್ದವು. ಇತ್ತ ಕಲಬುರಗಿಯ ನಮ್ಮ ಮಾಳಿಗೆಯ ಕುಂಡಗಳಲ್ಲಿ ಗುಲಗಂಜಿ ಹುಳುವೇ ಬದನೆ ಎಲೆಗಳನ್ನು ಜಾಳುಜಾಳು ಮಾಡಿದೆ. ಇದನ್ನು ರೈತನ ಮಿತ್ರ ಅನ್ನುವುದು ನಿಜವೇ? ಬೆನ್ನ ಮೇಲಿನ ಚುಕ್ಕೆ ಎಣಿಸಿದರೆ ಹುಳುವಿನ ವಯಸ್ಸು ತಿಳಿಯುತ್ತದೆ ಎಂದು ಮಗಳು ವಾದಿಸುತ್ತಾಳೆ. ಹೌದೇ?
– ಓದುಗರೊಬ್ಬರು, ಕಲಬುರಗಿ

ಉತ್ತರ: ಹೊಲದಲ್ಲಿ ನೀವು ಕಂಡ ಕೆಂಪು ಹುಳು ಮತ್ತು ಕಪ್ಪು ಹುಳು ತಾಯಿ-ಮಕ್ಕಳು. ಮಾಳಿಗೆಯ ಮೇಲಿನದು ಅದೇ ಕುಲದ್ದು, ಆದರೆ ಗುಣ ಬೇರೆ.

ಚಳಿ ಬೀಳುತ್ತಿದ್ದಂತೆ ಕುಸುಬೆಗೆ ಕಪ್ಪು ಹೇನು ಹತ್ತುತ್ತದೆ. ಹೇನು ರಸ ಹೀರಿ, ಅಂಟಂಟಾದ ಸಿಹಿ ದ್ರವ ಬಿಡುತ್ತದೆ. ಎಲೆ ಮಿರುಗತೊಡಗುತ್ತದೆ, ಇರುವೆ ಮುತ್ತುತ್ತವೆ. ಗುಲಗಂಜಿ ಹುಳು ಈ ಹೇನನ್ನೇ ಹುಡುಕಿಕೊಂಡು ಬರುತ್ತದೆ. ಹೇನಿನ ಗುಂಪಿನ ಪಕ್ಕದಲ್ಲೇ ನೆಟ್ಟಗೆ ನಿಂತ ಹಳದಿ ಮೊಟ್ಟೆಗಳನ್ನು ಒತ್ತೊತ್ತಾಗಿ ಇಡುತ್ತದೆ. ಮೂರು-ನಾಲ್ಕು ದಿನಕ್ಕೆ ಮರಿ ಹೊರಬರುತ್ತದೆ. ಮೊದಲು ಹುಟ್ಟಿದ ಮರಿ ಒಡೆಯದ ಪಕ್ಕದ ಮೊಟ್ಟೆಗಳನ್ನೇ ತಿಂದುಬಿಡುವುದೂ ಉಂಟು. ಒಡಹುಟ್ಟಿದವರೆಂಬ ದಾಕ್ಷಿಣ್ಯ ಅಲ್ಲಿಲ್ಲ.

ಆ ಮರಿಯೇ ನಿಮ್ಮ ಮುಳ್ಳಿನ ಕಪ್ಪು ಹುಳು. ಮೈಮೇಲೆ ಕಿತ್ತಳೆ ಅಥವಾ ಹಳದಿ ಮಚ್ಚೆ, ಎದೆಯ ಬಳಿ ಮೂರು ಜೊತೆ ಕಾಲು. ಮೊಸಳೆ ಮರಿಯನ್ನು ಅಕ್ಕಿಕಾಳಿನಷ್ಟಕ್ಕೆ ಕುಗ್ಗಿಸಿದಂತೆ ಕಾಣುತ್ತದೆ. ಅಂದಗೇಡಿಯಾದ್ದರಿಂದ ಜನ ಇದನ್ನೇ ಮೊದಲು ಹೊಸಕಿ ಹಾಕುತ್ತಾರೆ. ನಿಜವಾದ ಹೊಟ್ಟೆಬಾಕ ಇದೇ. ನಾಲ್ಕು ಹಂತಗಳಲ್ಲಿ ಪೊರೆ ಬಿಡುತ್ತಾ ಬೆಳೆಯುತ್ತದೆ. ಕೊನೆಯ ಹಂತದಲ್ಲಿ ತಿನ್ನುವಷ್ಟು ಹೇನು ಹಿಂದಿನ ಯಾವ ಹಂತದಲ್ಲೂ ತಿಂದಿರುವುದಿಲ್ಲ. ಆಮೇಲೆ ಬಾಲದ ತುದಿಯನ್ನು ಎಲೆಗೆ ಅಂಟಿಸಿ ಕೋಶವಾಗಿ ಕೂರುತ್ತದೆ. ಮೊಟ್ಟೆಯಿಂದ ರೆಕ್ಕೆ ಹುಳುವಾಗುವವರೆಗೆ ಸುಮಾರು 2-3 ವಾರ ಸಾಕು.

ಮಗಳ ಪ್ರಶ್ನೆಗೆ ಇಲ್ಲಿಯೇ ಉತ್ತರವಿದೆ. ಕೋಶದಿಂದ ಹೊರಬಂದ ಹುಳು ಬರೀ ಮಾಸಲು ಹಳದಿ, ಚುಕ್ಕೆಯೇ ಇರುವುದಿಲ್ಲ. ಕೆಲವೇ ಗಂಟೆಗಳಲ್ಲಿ ರೆಕ್ಕೆಯ ಕವಚ ಗಟ್ಟಿಯಾಗಿ ಬಣ್ಣ, ಚುಕ್ಕೆ ಮೂಡುತ್ತವೆ. ಆಮೇಲೆ ಸಾಯುವವರೆಗೂ ಒಂದು ಚುಕ್ಕೆ ಹೆಚ್ಚುವುದಿಲ್ಲ. ಏಳು ಚುಕ್ಕೆಯದು ಒಂದು ಜಾತಿ, ಅಂಕುಡೊಂಕು ಕಪ್ಪು ಗೆರೆಯದು ಇನ್ನೊಂದು, ಎರಡೂ ನಮ್ಮಲ್ಲಿವೆ. ಹುಳುವನ್ನು ಹಿಡಿದರೆ ಕಾಲಿನ ಕೀಲುಗಳಿಂದ ಹಳದಿ ದ್ರವ ಒಸರುತ್ತದೆ. ಅದು ಅದರ ರಕ್ತವೇ. ಕಹಿ, ವಾಸನೆ ಬೇರೆ. ಒಮ್ಮೆ ಬಾಯಿಗೆ ಹಾಕಿಕೊಂಡ ಹಕ್ಕಿ ಎರಡನೇ ಸಲ ಯೋಚಿಸುತ್ತದೆ. ಮಕ್ಕಳ ಕೈಗೆ ತಾಗಿದರೆ ತೊಳೆದುಕೊಂಡರಾಯಿತು.

ಈಗ ಬದನೆಯ ಮಾತು. ನಿಮ್ಮ ಕುಂಡದಲ್ಲಿರುವುದು ಹೆಚ್ಚುಕಡಿಮೆ ಖಂಡಿತವಾಗಿ ಇಪ್ಪತ್ತೆಂಟು ಚುಕ್ಕೆಯ ಗುಲಗಂಜಿ ಹುಳು. ಇದು ಹೇನಿನ ತಂಟೆಗೇ ಹೋಗದ ಶುದ್ಧ ಸಸ್ಯಾಹಾರಿ. ಎಲೆಯ ಹಸಿರನ್ನು ಕೆರೆದು ತಿಂದು ನರಗಳನ್ನಷ್ಟೇ ಉಳಿಸುತ್ತದೆ. ಚುಕ್ಕೆ ಎಣಿಸುವ ಕಷ್ಟ ಬೇಡ, ಹೊಳಪು ನೋಡಿ. ಹೇನು ತಿನ್ನುವ ಹುಳುವಿನ ಬೆನ್ನು ಎಣ್ಣೆ ಸವರಿದಂತೆ ಮಿನುಗುತ್ತದೆ. ಬದನೆಯ ಹುಳುವಿನ ಬೆನ್ನ ಮೇಲೆ ನವಿರು ರೋಮವಿರುವುದರಿಂದ ಮಂಕಾಗಿರುತ್ತದೆ. ಅದರ ಮರಿ ಕಪ್ಪಲ್ಲ, ಹಳದಿ. ಮೈತುಂಬ ಕವಲೊಡೆದ ಮುಳ್ಳು. ಟೊಮೆಟೊ, ಆಲೂಗಡ್ಡೆ, ಹಾಗಲ ಬಳ್ಳಿಗೂ ಇದು ಹತ್ತುತ್ತದೆ.

ದಾಸವಾಳದ ಕುಂಡ ಇದ್ದರೆ ಅಲ್ಲೊಂದು ಎಚ್ಚರ ಬೇಕು. ಬಿಳಿ ಹಿಟ್ಟು ತಿಗಣೆಯನ್ನು ತಿನ್ನುವ ಕೆಲವು ಗುಲಗಂಜಿ ಹುಳುಗಳ ಮರಿಗಳೂ ಬಿಳಿ ಮೇಣ ಹೊದ್ದು, ಥೇಟ್ ತಿಗಣೆಯ ವೇಷದಲ್ಲೇ ಇರುತ್ತವೆ. ಮುಟ್ಟಿದಾಗ ಚುರುಕಾಗಿ ಓಡಿದರೆ ಅದು ಮರಿ. ಇಂಥದ್ದೊಂದು ಹುಳು, ಕ್ರಿಪ್ಟೊಲೇಮಸ್, 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ಬಂತು. ತರಿಸಿದ್ದು ಕಾಫಿಯ ಹಸಿರು ಶಲ್ಕ ಕೀಟಕ್ಕೆಂದು. ಆ ಕೆಲಸ ಅದರಿಂದ ಆಗಲಿಲ್ಲ. ದಕ್ಷಿಣ ಭಾರತದಲ್ಲಿ ನೆಲೆಯೂರಿ ಹಿಟ್ಟು ತಿಗಣೆಯ ಪಾಲಿಗೆ ಯಮನಾಯಿತು. ಇಂದಿಗೂ ಪ್ರಯೋಗಾಲಯಗಳಲ್ಲಿ ಕುಂಬಳಕಾಯಿಯ ಮೇಲೆ ತಿಗಣೆ ಬೆಳೆಸಿ, ಅದನ್ನು ಉಣಿಸಿ ಈ ಹುಳುವನ್ನು ಸಾಕುತ್ತಾರೆ.

ಹಾಗೆಂದು ಗುಲಗಂಜಿ ಹುಳುಗಳಿಂದ ಎಲ್ಲವೂ ಆಗುತ್ತದೆ ಅಂತಲ್ಲ. ಕಮಲಾಪುರದ ಕೆಂಪು ಬಾಳೆಗೆ ಹೇನು ಬಂದರೆ ಗುಲಗಂಜಿ ಹುಳು ತಿನ್ನುತ್ತದೆ, ನಿಜ. ಆದರೆ ಬಾಳೆ ಹೇನು ಎಲೆಯ ಬುಡದ ಸಂದಿಯಲ್ಲಿ ಅಡಗುತ್ತದೆ, ಸಿಹಿಯಾಸೆಗೆ ಇರುವೆಗಳು ಕಾವಲು ನಿಲ್ಲುತ್ತವೆ. ತುದಿ ಎಲೆಗಳು ಗುತ್ತಿಗಟ್ಟುವ ನಂಜು ರೋಗವನ್ನು ಹರಡಲು ನಾಲ್ಕಾರು ಹೇನು ಉಳಿದರೂ ಸಾಕು. ರೋಗದ ಗಿಡವನ್ನು ಬುಡಸಮೇತ ಕಿತ್ತು ನಾಶಮಾಡಲೇಬೇಕು. ತೊಗರಿಯ ಕಾಯಿಕೊರಕದ ಮುಂದೆಯೂ ಈ ಹುಳುವಿನ ಆಟ ಹೆಚ್ಚು ನಡೆಯದು. ಗಿಡ ಅಲ್ಲಾಡಿಸಿ ಕೊರಕವನ್ನು ಉದುರಿಸುವ ನಿಮ್ಮ ಜಿಲ್ಲೆಯ ರೈತರ ಉಪಾಯವೇ ಅಲ್ಲಿ ಮೇಲು.

ಕುಸುಬೆಯ ಹೊಲಕ್ಕೆ ಮಾತ್ರ ಅವಸರದಿಂದ ಔಷಧ ಹೊಡೆಸಬೇಡಿ. ಹೇನು ಮೊದಲು ಹೆಚ್ಚುತ್ತದೆ, ಹುಳು ಹಿಂದಿನಿಂದ ಬರುತ್ತದೆ. ನಡುವಿನ ಆ ಕೆಲವು ದಿನಗಳಲ್ಲೇ ನಮ್ಮ ತಾಳ್ಮೆ ಕೆಡುವುದು. ಹೊಡೆದರೆ ಎರಡೂ ಸಾಯುತ್ತವೆ. ಆದರೆ ಗಂಡಿನ ಹಂಗಿಲ್ಲದೆ ಮರಿ ಹಾಕುವ ಹೇನು ಬೇಗ ಚೇತರಿಸಿಕೊಳ್ಳುತ್ತದೆ, ಹುಳು ಚೇತರಿಸಿಕೊಳ್ಳುವುದಿಲ್ಲ. ಕಪ್ಪು ಮರಿಗಳು ಅಷ್ಟೊಂದು ಕಂಡಿದ್ದರೆ ಒಂದು ವಾರ ಕಾದು ನೋಡಲು ತವರಿನವರಿಗೆ ಹೇಳಿ. ಮಾಳಿಗೆಯ ಬದನೆಗೆ ಕಾಯುವುದು ಬೇಡ: ಎಲೆಯ ಅಡಿಯ ಹಳದಿ ಮೊಟ್ಟೆ, ಮರಿಗಳನ್ನು ಕೈಯಿಂದಲೇ ಆರಿಸಿ ಸೋಪಿನ ನೀರಿಗೆ ಹಾಕಿ. ಕುಂಡದ ಗಿಡಗಳಿಗೆ ಅಷ್ಟು ಸಾಕು.