ಮೂರನೇ ಸಿಲಿಂಡರಿನ ಬೆಲೆ ಎಷ್ಟು?

ಹಳೇ ಔಟ್‌ಬೋರ್ಡ್ ಎಂಜಿನ್ ಮಾರುವವರು ಎಲ್ಲ ಊರಲ್ಲೂ ಒಂದೇ ಮಾತು ಹೇಳುತ್ತಾರೆ: ‘ಒಂದೇ ಸೆಲ್ಫಿಗೆ ಸ್ಟಾರ್ಟ್.’ ಮಲ್ಪೆ ಬಂದರಿನಲ್ಲೂ ಇದನ್ನು ಕೇಳಿದ್ದೇನೆ, ಕುವೈತಿನ ಫಹಾಹೀಲ್‌ನಲ್ಲೂ ಕೇಳಿದೆ. ಮಾತು ಸುಳ್ಳಲ್ಲ. ಆದರೆ ಮೂರು ಸಿಲಿಂಡರಿನ ಟೂ ಸ್ಟ್ರೋಕ್ ಎಂಜಿನ್ ಎರಡು ಸಿಲಿಂಡರಿನ ಬಲದಲ್ಲೂ ಸ್ಟಾರ್ಟ್ ಆಗುತ್ತದೆ. ಸದ್ದು ತುಸು ಒರಟು, ಅಷ್ಟೆ. ದಡದಲ್ಲಿ ನಿಂತವನಿಗೆ ಅದು ಗೊತ್ತಾಗುವುದಿಲ್ಲ, ಗೊತ್ತಾಗುವ ಹೊತ್ತಿಗೆ ದಡ ಕಾಣಿಸುವುದಿಲ್ಲ.

ನಮ್ಮ ಆಫೀಸಿನ ಕುವೈತಿ ಮಿತ್ರರೊಬ್ಬರ ಹತ್ತಿರ ಚಿಕ್ಕ ಫೈಬರ್ ದೋಣಿ ಇದೆ. ಕಾಗದಪತ್ರ, ಪರವಾನಗಿ ಎಲ್ಲ ಅವರ ಹೆಸರಿನಲ್ಲಿ. ರಜೆಯ ದಿನ ಹಮೂರ್ ಮೀನು ಹಿಡಿಯಲು ಅವರೊಂದಿಗೆ ಹೋಗುವ ನಾವು ಮೂವರು ಕರಾವಳಿಯವರು: ನಾನು, ಕುಂದಾಪುರದ ನನ್ನ ಭಾವ, ಉಳ್ಳಾಲದ ಒಬ್ಬ ಗೆಳೆಯ. ಹಳೇ ಎಂಜಿನ್ ಕೈಕೊಟ್ಟಾಗ ಒಂದು ಒಪ್ಪಂದ ಹುಟ್ಟಿತು. ದೋಣಿ ಅವರದ್ದು, ಎಂಜಿನ್ ನಮ್ಮದು. ಭಾವ ಮೊಬೈಲಿನಲ್ಲಿ ಜಾಹೀರಾತು ಹುಡುಕಿದ. ಯಮಹಾ, 75 ಅಶ್ವಶಕ್ತಿ, ಮೂರು ಸಿಲಿಂಡರ್, ಟೂ ಸ್ಟ್ರೋಕ್. ಕೇಳಿದ ಬೆಲೆ 400 ದಿನಾರ್.

400 ಎನ್ನುವುದು ಕಿವಿಗೆ ಸಣ್ಣ ಸಂಖ್ಯೆ. ಗಲ್ಫ್‌ನಲ್ಲಿ ದುಡಿಯುವವರಿಗೆ ಇದೊಂದು ಮೋಸ. ಕುವೈತಿನಲ್ಲಂತೂ ಅದು ಇನ್ನೂ ಜಾಸ್ತಿ. 1961ರಲ್ಲಿ ಗಲ್ಫ್ ರೂಪಾಯಿ ಹೋಗಿ ದಿನಾರ್ ಬಂದಾಗ ಒಂದು ದಿನಾರಿಗೆ ಹದಿಮೂರು ಚಿಲ್ಲರೆ ರೂಪಾಯಿ ಇತ್ತು. ಈಗ ಇನ್ನೂರೈವತ್ತು ದಾಟಿದೆ. 400 ದಿನಾರ್ ಎಂದರೆ ಲಕ್ಷ ರೂಪಾಯಿಗೂ ಮೇಲೆ. ಊರಲ್ಲಿ ಲಕ್ಷ ರೂಪಾಯಿಯ ಹಳೇ ವಸ್ತು ಕೊಳ್ಳುವಾಗ ನಾಲ್ಕು ಜನರನ್ನು ಕೇಳುವ ನಾವು ಇಲ್ಲಿ ಎಟಿಎಮ್ಮಿನತ್ತ ನಡೆದುಬಿಡುತ್ತೇವೆ.

ಭಾವನಿಗೆ ಇನ್ನೊಂದು ಸಮರ್ಥನೆಯೂ ಇತ್ತು: ‘ಮೀನಿನ ಖರ್ಚು ಉಳಿಯುತ್ತದಲ್ಲ.’ ಇಲ್ಲಿ ಜುಬೈದಿ ಎನ್ನುವ ಮಾಂಜಿಯ ಬೆಲೆ ನೋಡಿದರೆ ಯಾರಿಗೂ ಹಾಗೆ ಅನ್ನಿಸೀತು. ಆದರೆ ಜುಬೈದಿ ಸಿಗುವುದು ಬಲೆಗೆ, ನಮ್ಮ ಗಾಳಕ್ಕಲ್ಲ. ಇದು ಹವ್ಯಾಸದ ಖರ್ಚು. ಆ ಹೆಸರಿನಲ್ಲೇ ಬರೆದುಕೊಂಡರೆ ಲೆಕ್ಕ ಸರಿಯಾಗುತ್ತದೆ.

ನೋಡಲು ಹೋಗುವ ಹಿಂದಿನ ರಾತ್ರಿ ಊರಿನ ಮೆಕ್ಯಾನಿಕ್ ಅಣ್ಣನಿಗೆ ಫೋನ್ ಮಾಡಿದೆ. ಮಲ್ಪೆಯ ನಾಡದೋಣಿಗಳ ಎಂಜಿನ್ ಬಿಚ್ಚಿ ಜೋಡಿಸಿಯೇ ಕೂದಲು ಹಣ್ಣಾದವರು. ‘ಸದ್ದು ಕೇಂಡ್ ತಕಣ್ಬೇಡ ಮಾರಾಯಾ, ಗೇಜ್ ಹಾಕಿ ಕಾಣ್’ ಎಂದರು.

ಕಂಪ್ರೆಷನ್ ಗೇಜ್ ದೊಡ್ಡ ಉಪಕರಣವೇನಲ್ಲ. ಸ್ಪಾರ್ಕ್ ಪ್ಲಗ್ ಬಿಚ್ಚಿದ ತೂತಿಗೆ ಅದರ ಕೊಳವೆಯನ್ನು ತಿರುಪಿ ಕೂರಿಸಿ, ಸೆಲ್ಫ್ ಹೊಡೆದರೆ ಪಿಸ್ಟನ್ ಗಾಳಿಯನ್ನು ಎಷ್ಟು ಒತ್ತಬಲ್ಲದು ಎಂದು ಮುಳ್ಳು ತೋರಿಸುತ್ತದೆ. ಕ್ರಮ ಮಾತ್ರ ತಪ್ಪಬಾರದು. ಎಂಜಿನ್ ಬೆಚ್ಚಗಿರಬೇಕು, ಮೂರೂ ಪ್ಲಗ್ ಹೊರಗಿರಬೇಕು, ಥ್ರಾಟಲ್ ಪೂರ್ತಿ ತೆರೆದಿರಬೇಕು, ಬ್ಯಾಟರಿ ಗಟ್ಟಿಯಿರಬೇಕು, ಕಿಲ್ ಸ್ವಿಚ್ಚಿನ ಹಗ್ಗ ಕಿತ್ತಿರಬೇಕು. ಇದರಲ್ಲಿ ಒಂದು ತಪ್ಪಿದರೂ ಒಳ್ಳೆಯ ಎಂಜಿನ್ನೇ ಸೋತಂತೆ ತೋರೀತು.

ಮರುದಿನ ಹಾಗೆಯೇ ಅಳೆದಾಗ ಮೇಲಿನ ಸಿಲಿಂಡರ್ 118 ಪಿಎಸ್‌ಐ. ನಡುವಿನದು 115. ಕೆಳಗಿನದರ ಮುಳ್ಳು 80ರ ಹತ್ತಿರ ಬಂದು ನಿಂತಿತು. ಇನ್ನೊಮ್ಮೆ ಹೊಡೆದರೂ ಅಲ್ಲೇ. ಮಾರುವವರು ‘ನಿಮ್ಮ ಗೇಜ್ ಸರಿಯಿಲ್ಲ’ ಎಂದರು. ಇರಬಹುದು, ಅಗ್ಗದ ಗೇಜುಗಳು ಐದು ಹತ್ತು ಹೆಚ್ಚು ಕಡಿಮೆ ತೋರಿಸುವುದುಂಟು. ಆದರೆ ಕೆಟ್ಟ ಗೇಜ್ ಮೂರಕ್ಕೂ ಒಂದೇ ರೀತಿ ಸುಳ್ಳು ಹೇಳಬೇಕು, ಒಂದಕ್ಕೆ ಮಾತ್ರ ಅಲ್ಲ. ಅದಕ್ಕೇ ನೋಡಬೇಕಾದ್ದು ಅಂಕಿಗಿಂತ ಮುಖ್ಯವಾಗಿ ಅಂತರ. ಸಿಲಿಂಡರುಗಳ ನಡುವೆ ಹತ್ತು ಹದಿನೈದು ಶೇಕಡಾ ವ್ಯತ್ಯಾಸವನ್ನು ಹಳೇ ಎಂಜಿನ್ನಿಗೆ ಕ್ಷಮಿಸಬಹುದು. ಇಲ್ಲಿದ್ದದ್ದು ಮೂವತ್ತು ಶೇಕಡಾ.

ಗೇಜಿನ ಫೋಟೊ ಕಳಿಸಿದಾಗ ಊರಿನ ಅಣ್ಣ ಮೊದಲು ಗಾಬರಿಯಾಗಲಿಲ್ಲ. ಸೀಮೆಎಣ್ಣೆಯಲ್ಲಿ ಓಡುವ ನಮ್ಮ ನಾಡದೋಣಿ ಎಂಜಿನ್ನುಗಳ ಕಂಪ್ರೆಷನ್ ಹುಟ್ಟುತ್ತಲೇ ಕಡಿಮೆ. ಹೆಚ್ಚು ಒತ್ತಿದರೆ ಸೀಮೆಎಣ್ಣೆ ಬಡಿಯುತ್ತದೆ. ಪೆಟ್ರೋಲ್ ಎಂಜಿನ್ನಿಗೆ ಆ ರಿಯಾಯಿತಿ ಇಲ್ಲ ಎಂದು ಆಮೇಲೆ ಅವರೇ ಹೇಳಿದರು. ‘ಪ್ಲಗ್ ತೋರಿಸು’ ಎಂದರು. ಮೂರನೇ ಪ್ಲಗ್ಗಿನ ಬಿಳಿ ಪಿಂಗಾಣಿಯ ಮೇಲೆ ಮಸಿಯ ನಡುವೆ ಬೆಳ್ಳಿ ಬಣ್ಣದ ಸಣ್ಣ ಸಣ್ಣ ಚುಕ್ಕೆ. ಉಗುರಿನಲ್ಲಿ ಕೆರೆದರೆ ಏಳಲಿಲ್ಲ. ಅದು ಪಿಸ್ಟನ್ನಿನದೇ ಅಲ್ಯೂಮಿನಿಯಂ, ಕರಗಿ ಸಿಡಿದು ಅಂಟಿಕೊಂಡದ್ದು.

ಆ ಚುಕ್ಕೆಗಳು ಇಲ್ಲದಿದ್ದರೆ ಬೇರೆ ಮಾತು. ಕಂಪ್ರೆಷನ್ ಬೀಳಲು ಅಗ್ಗದ ಕಾರಣಗಳೂ ಇವೆ. ಇಂಗಾಲ ಕಟ್ಟಿ ಪಿಸ್ಟನ್ನಿನ ರಿಂಗ್ ತನ್ನ ಕಚ್ಚಿನಲ್ಲೇ ಸಿಕ್ಕಿಕೊಂಡಿದ್ದರೆ ಡೀಕಾರ್ಬನ್ ಸ್ಪ್ರೇ ಹೊಡೆದು ರಾತ್ರಿಯಿಡೀ ನೆನೆಸಿಟ್ಟರೆ ಬಿಡಬಹುದು. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೇ ಬಿದ್ದಿದ್ದರೆ ನಡುವಿನ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಾಧ್ಯತೆ ಹೆಚ್ಚು. ಇಂಥ ಎಂಜಿನ್ ಕಡಿಮೆ ಬೆಲೆಗೆ ಸಿಕ್ಕರೆ ಕೈತುಂಬ ಲಾಭ. ಆದರೆ ಒಂದೇ ಸಿಲಿಂಡರ್ ಬಿದ್ದು, ಪ್ಲಗ್ಗಿನಲ್ಲಿ ಲೋಹ ಕಂಡರೆ, ಒಳಗೆ ಬೆಂದಿದೆ ಎಂದೇ ಅರ್ಥ.

ಕುವೈತಿನಲ್ಲಿ ಹಾಗಾಗುವುದು ಆಶ್ಚರ್ಯವೂ ಅಲ್ಲ. ಔಟ್‌ಬೋರ್ಡಿಗೆ ರೇಡಿಯೇಟರ್ ಇಲ್ಲ, ಸಮುದ್ರದ ನೀರನ್ನೇ ಎಳೆದು ತಣಿಯಬೇಕು. ಇಲ್ಲಿ ಬೇಸಿಗೆಯ ಸಮುದ್ರವೇ ಸ್ನಾನದ ನೀರಿನಷ್ಟು ಬೆಚ್ಚಗೆ. ಉಪ್ಪು ನಮ್ಮ ಅರಬ್ಬಿ ಸಮುದ್ರಕ್ಕಿಂತ ಜಾಸ್ತಿ, ತೀರದ ಬಳಿ ಕೆಸರು. ಮುಗಿಸಿ ಬಂದ ಮೇಲೆ ಸಿಹಿನೀರು ಹರಿಸಿ ತೊಳೆಯದವನ ಎಂಜಿನ್ನಿನಲ್ಲಿ ನೀರಿನ ದಾರಿಗಳು ಉಪ್ಪು ಕಟ್ಟಿ ಮುಚ್ಚುತ್ತವೆ, ಪಂಪಿನ ರಬ್ಬರ್ ಇಂಪೆಲ್ಲರ್ ಸವೆಯುತ್ತದೆ.

ಇನ್ನೊಂದು ಸಂಗತಿ ಇಲ್ಲಿ ರೋಗವನ್ನು ಮರೆಮಾಡುತ್ತದೆ. 2016ರ ಸೆಪ್ಟೆಂಬರಿನಲ್ಲಿ ದರ ಏರಿಸಿದ ಮೇಲೂ ಸಾಮಾನ್ಯ 91 ಆಕ್ಟೇನ್ ಪೆಟ್ರೋಲಿಗೆ ಲೀಟರಿಗೆ 85 ಫಿಲ್ಸ್. ಒಂದು ದಿನಾರಿಗೆ ಸಾವಿರ ಫಿಲ್ಸ್. ಅಂದರೆ ಲೀಟರಿಗೆ ಇಪ್ಪತ್ತು ಚಿಲ್ಲರೆ ರೂಪಾಯಿ. ಕಂಪ್ರೆಷನ್ ಇಳಿದ ಎಂಜಿನ್ ಎಷ್ಟು ಕುಡಿದರೂ ಜೇಬಿಗೆ ತಟ್ಟುವುದಿಲ್ಲ. ಮಲ್ಪೆಯವನಿಗೆ ವಾರದಲ್ಲೇ ತಟ್ಟುತ್ತದೆ, ಅವನು ಬಿಚ್ಚಿಸಿ ನೋಡುತ್ತಾನೆ. ಇಲ್ಲಿನ ಮಾಲೀಕ ಓಡಿಸುತ್ತಲೇ ಇರುತ್ತಾನೆ, ಓಡದ ದಿನ ಮಾರಲು ಇಡುತ್ತಾನೆ.

ಈಗ ಲೆಕ್ಕ. ಅದೇ ವಯಸ್ಸಿನ, ಮೂರೂ ಸಿಲಿಂಡರ್ ಸಮವಾಗಿರುವ ಎಂಜಿನ್ ಆಗ 550 ದಿನಾರಿನ ಆಸುಪಾಸಿನಲ್ಲಿತ್ತು. ಶುವೈಖ್ ಕೈಗಾರಿಕಾ ಪ್ರದೇಶದ ಗ್ಯಾರೇಜಿನಲ್ಲಿ ವಿಚಾರಿಸಿದೆ. ಬೋರ್ ಮಾಡಿಸಿ, ಓವರ್‌ಸೈಜ್ ಪಿಸ್ಟನ್, ರಿಂಗ್, ಗ್ಯಾಸ್ಕೆಟ್ ಹಾಕಿ, ಕೂಲಿ ಸೇರಿ 220. ಕರಗಿದ ಲೋಹ ಕ್ರ್ಯಾಂಕಿನ ಬೇರಿಂಗಿಗೆ ಇಳಿದಿದ್ದರೆ ಮತ್ತೆ 100. ಬಿಚ್ಚುವವರೆಗೆ ಅದನ್ನು ಯಾರೂ ಹೇಳಲಾರರು. ಗೊತ್ತಿಲ್ಲದ ಖರ್ಚನ್ನು ಕೊಳ್ಳುವವನು ಹೊರುವುದಾದರೆ ಬೆಲೆಯಲ್ಲಿ ಅದನ್ನು ಮೊದಲೇ ಕಳೆಯಬೇಕು. ಉಳಿದದ್ದು 230. ನಾನು 200 ಹೇಳಿದೆ. ಗೇರ್‌ಬಾಕ್ಸಿನ ಎಣ್ಣೆ ಹಾಲಿನಂತೆ ಬೆಳ್ಳಗಾಗಿರಲಿಲ್ಲ, ಎಂದರೆ ಒಳಗೆ ನೀರು ನುಗ್ಗಿಲ್ಲ. ಕಾರ್ಬ್ಯುರೇಟರ್, ಎತ್ತಿ ಇಳಿಸುವ ಹೈಡ್ರಾಲಿಕ್ ಸರಿಯಿದ್ದವು. ಬಿಡಿಭಾಗದ ಲೆಕ್ಕಕ್ಕೆ 200 ನ್ಯಾಯವಾದ ಬೆಲೆ. ಅವರು 350ಕ್ಕೆ ಇಳಿದು ನಿಂತರು. ನಾವು ಹೊರಟೆವು.

ದಾರಿಯುದ್ದಕ್ಕೂ ಭಾವನ ವಾದ: ‘ಐವತ್ತು ಬಿಟ್ಟರಲ್ಲ, ರಿಪೇರಿ ಮಾಡಿಸಿ ಹತ್ತು ವರ್ಷ ಓಡಿಸಬಹುದಿತ್ತು.’ ಆ ಹತ್ತು ವರ್ಷ ಯಾರಿಗೆ ಗ್ಯಾರಂಟಿ? ಇಲ್ಲಿ ನಮ್ಮ ಇಕಾಮಾ, ಅಂದರೆ ವಾಸದ ಪರವಾನಗಿ, ಕೆಲಸಕ್ಕೆ ಕಟ್ಟಿದ್ದು. ನಮಗೆ ಪಿಂಚಣಿ ಇಲ್ಲ. ತಿಂಗಳ ಸಂಬಳದವರಿಗೆ 2010ರ ಕಾರ್ಮಿಕ ಕಾನೂನಿನಂತೆ ಸಿಗುವುದು ಸೇವೆಯ ಕೊನೆಯ ಮೊತ್ತ: ಮೊದಲ ಐದು ವರ್ಷಗಳಿಗೆ ವರ್ಷಕ್ಕೆ ಹದಿನೈದು ದಿನದ ಸಂಬಳ, ಅಲ್ಲಿಂದಾಚೆ ವರ್ಷಕ್ಕೊಂದು ತಿಂಗಳದ್ದು. ಎಕ್ಸಿಟ್ ಹೊಡೆಸಿಕೊಂಡು ಹೊರಡುವವನ ಕಾರು, ಸೋಫಾ, ಫ್ರಿಜ್ ಯಾವ ಬೆಲೆಗೆ ಹೋಗುತ್ತವೆ ಎಂಬುದನ್ನು ನಮ್ಮವರೇ ಹೆಚ್ಚಿರುವ ಅಬ್ಬಾಸಿಯಾದ ಯಾವ ಮನೆಯಲ್ಲಿ ಬೇಕಾದರೂ ಕೇಳಿ. ಸಿಲಿಂಡರ್ ಬೋರ್ ಮಾಡಿಸಿದ ಎಂಜಿನ್ನಿಗೆ ಆ ದಿನ ಗಿರಾಕಿ ಹುಡುಕುವುದು ಇನ್ನೂ ಕಷ್ಟ. ಮೂರು ಜನರ ಪಾಲಿನಲ್ಲಿ ಕೊಂಡದ್ದಾದರೆ, ಮೊದಲು ಹೊರಡುವವನ ಪಾಲನ್ನು ಯಾರು, ಯಾವ ಬೆಲೆಗೆ ಕೊಳ್ಳಬೇಕು ಎಂಬುದನ್ನೂ ಕೊಳ್ಳುವ ದಿನವೇ ಬರೆದಿಡಬೇಕು. ನಾವು ಬರೆದಿಟ್ಟೆವು.

ಕೊನೆಗೆ ತಂದದ್ದು 40 ಅಶ್ವಶಕ್ತಿಯ, ಎರಡು ಸಿಲಿಂಡರಿನ ಎಂಜಿನ್. ಬೆಲೆ 380. ಎರಡೂ ಸಿಲಿಂಡರಿನ ಅಂಕಿ ಹೆಚ್ಚುಕಡಿಮೆ ಒಂದೇ. ವೇಗ ಕಡಿಮೆಯಾದ್ದರಿಂದ ಕುಬ್ಬರ್ ದ್ವೀಪದ ಆಸೆ ಬಿಟ್ಟು, ಖೈರಾನ್ ತೀರಕ್ಕೆ ಹತ್ತಿರದಲ್ಲೇ ಗಾಳ ಹಾಕುತ್ತೇವೆ.

ನೀವೂ ಇಂಥದ್ದನ್ನು ಕೊಳ್ಳಲು ಹೊರಟಿದ್ದರೆ ನಿಮ್ಮದೇ ಗೇಜ್ ಒಯ್ಯಿರಿ, ನಾಲ್ಕೈದು ದಿನಾರಿಗೆ ಸಿಗುತ್ತದೆ. ಹೊರಡುವ ಮೊದಲು ಮಾರುವವರಿಗೆ ಫೋನ್ ಮಾಡಿ, ನೀವು ತಲುಪುವವರೆಗೆ ಎಂಜಿನ್ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿ. ತಣ್ಣಗಿರುವ ಎಂಜಿನ್ ಹೇಗೆ ಏಳುತ್ತದೆ ಎಂಬುದನ್ನು ಮೊದಲು ನೋಡಿ, ಆಮೇಲೆ ಬಿಸಿ ಮಾಡಿ ಗೇಜ್ ಹಾಕಿ. ಅದಕ್ಕೆ ಒಪ್ಪದವರ ಹತ್ತಿರ ಚೌಕಾಸಿಗೂ ನಿಲ್ಲಬೇಡಿ.