ಮಗುವಿಗೆ ಭೇದಿಯಾದಾಗ ನೀರು ನಿಲ್ಲಿಸಬೇಡಿ



ಬೇಸಿಗೆ ಮುಗಿದು ಮೊದಲ ಮಳೆ ಬಿದ್ದಿತೆಂದರೆ ಮಕ್ಕಳ ವಾರ್ಡಿನಲ್ಲಿ ಒಂದು ಮಾತು ದಿನವೂ ಕೇಳಿಬರುತ್ತದೆ. "ಸಿಸ್ಟರ್ ರೀ, ನೀರು ಕುಡಿಸಿದಷ್ಟೂ ಹೊರಗ ಹೊಂಟೈತ್ರಿ. ಅದಕ್ಕ ನಿನ್ನೆಯಿಂದ ಏನೂ ಕೊಟ್ಟಿಲ್ರಿ." ಹೀಗೆ ಹೇಳುವವರು ಮಗುವಿನ ಮೇಲೆ ಪ್ರೀತಿ ಇಲ್ಲದವರಲ್ಲ. ತೂತು ಬಿದ್ದ ಕೊಡಕ್ಕೆ ನೀರು ಸುರಿದು ಏನು ಪ್ರಯೋಜನ ಎಂಬುದು ಅವರ ಲೆಕ್ಕ. ಆದರೆ ತೂತು ಮುಚ್ಚುವವರೆಗೆ ಕೊಡ ಬರಿದಾಗಬಾರದು ಎಂದರೆ ಸುರಿಯುತ್ತಲೇ ಇರಬೇಕಲ್ಲವೇ? ಮಕ್ಕಳ ಭೇದಿ ಬಹುಮಟ್ಟಿಗೆ ಕೆಲವು ದಿನಗಳಲ್ಲಿ ತಾನಾಗಿಯೇ ನಿಲ್ಲುತ್ತದೆ. ಅಷ್ಟರೊಳಗೆ ಮಗುವಿನ ಮೈಯಲ್ಲಿನ ನೀರು ಮತ್ತು ಲವಣ ಬರಿದಾದರೆ ಜೀವಕ್ಕೆ ಅಪಾಯ. ಪುಟ್ಟ ಮೈ, ಬೇಗ ಒಣಗುತ್ತದೆ.

ಹಿಂದೊಮ್ಮೆ ಒಂಬತ್ತು ತಿಂಗಳ ಹೆಣ್ಣುಮಗುವನ್ನು ಅದರ ಅಜ್ಜಿ ಸೆರಗಿನಲ್ಲಿ ಸುತ್ತಿಕೊಂಡು ತಂದಿದ್ದರು. ಎರಡು ದಿನದ ಭೇದಿ, ಅಷ್ಟೇ. ಹಾಲು ಹೊಟ್ಟೆಗೆ ಭಾರವೆಂದು ಎದೆಹಾಲನ್ನೂ ಬಿಡಿಸಿದ್ದರು. ಕಣ್ಣು ಗುಳಿ ಬಿದ್ದಿತ್ತು. ಅಳುತ್ತಿತ್ತು, ಕಣ್ಣೀರು ಬರುತ್ತಿರಲಿಲ್ಲ. ಹೊಟ್ಟೆಯ ಚರ್ಮವನ್ನು ಎರಡು ಬೆರಳಿನಿಂದ ಹಿಡಿದು ಬಿಟ್ಟರೆ ಮಡಿಕೆ ಹಾಗೇ ನಿಲ್ಲುತ್ತಿತ್ತು. ಸಲೈನ್ ಹಾಕಲು ನರ ಸಿಗದೆ ವೈದ್ಯರು ಬಹಳ ಹೊತ್ತು ಕಷ್ಟಪಟ್ಟರು. ಮರುದಿನ ಸಂಜೆ ಮಗು ತಾಯಿಯ ಎದೆಗೆ ಬಾಯಿ ಹಾಕಿತು. ಅಜ್ಜಿ ನನ್ನ ಕೈ ಹಿಡಿದು "ನಾನ ತಪ್ಪು ಮಾಡಿದ್ನೇನವ್ವಾ?" ಎಂದು ಕೇಳಿದರು. ಅವರಿಗೆ ಯಾರೂ ಸರಿಯಾಗಿ ತಿಳಿಸಿ ಹೇಳಿರಲಿಲ್ಲ. ಅದು ನಮ್ಮಂಥವರ ತಪ್ಪು.

ಅದೇ ಮಳೆಗಾಲದಲ್ಲಿ ಇನ್ನೊಂದು ಮಗು ಬಂದಾಗ ಹೊತ್ತು ಮೀರಿತ್ತು. ಆ ತಾಯಿಯ ಕೈಚೀಲದಲ್ಲಿ ಆಶಾ ಕಾರ್ಯಕರ್ತೆ ಕೊಟ್ಟಿದ್ದ ಓ.ಆರ್.ಎಸ್. ಪೊಟ್ಟಣವಿತ್ತು. ಒಡೆದಿರಲಿಲ್ಲ. ಪೊಟ್ಟಣ ಮನೆಯಲ್ಲಿದ್ದರೆ ಸಾಲದು, ಯಾವಾಗ, ಹೇಗೆ ಕೊಡಬೇಕು ಎಂಬುದು ಗೊತ್ತಿರಬೇಕು. ಈ ಪಾಠ ಅದಕ್ಕಾಗಿಯೇ.

ಭೇದಿ ಎಂದರೆ ಯಾವುದು?

ಮಗು ಯಾವಾಗಲೂ ಹೋಗುವುದಕ್ಕಿಂತ ತೆಳ್ಳಗೆ, ನೀರಾಗಿ, ದಿನಕ್ಕೆ ಮೂರು ಸಲ ಅಥವಾ ಹೆಚ್ಚು ಹೋದರೆ ಭೇದಿ ಎನ್ನಬೇಕು. ಎದೆಹಾಲು ಮಾತ್ರ ಕುಡಿಯುವ ಎಳೆಗೂಸು ದಿನಕ್ಕೆ ಹಲವು ಸಲ ಹಳದಿಯಾಗಿ, ತೆಳ್ಳಗೆ ಹೋಗುತ್ತದೆ. ಚೆನ್ನಾಗಿ ಹಾಲು ಕುಡಿದು, ತೂಕ ಏರುತ್ತಿದ್ದರೆ ಅದು ರೋಗವಲ್ಲ. ಅದಕ್ಕೆ ಔಷಧ ಹುಡುಕಿಕೊಂಡು ಅಲೆಯಬೇಡಿ.

ಹಲ್ಲು ಬರುತ್ತಿದೆ, ಅದಕ್ಕೇ ಹೊಟ್ಟೆ ಕೆಟ್ಟಿದೆ ಎಂದು ಬಹಳ ಜನ ಸುಮ್ಮನಿರುತ್ತಾರೆ. ಹಲ್ಲು ಬರುವ ವಯಸ್ಸಿನಲ್ಲಿ ಮಗು ಅಂಬೆಗಾಲಿಡುತ್ತದೆ, ನೆಲದ ಮೇಲೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತದೆ, ಹೊರಗಿನ ಆಹಾರವನ್ನೂ ಶುರು ಮಾಡಿರುತ್ತದೆ. ಭೇದಿ ಬರುವುದು ಆ ಹೊಲಸಿನಿಂದ. ಕಾರಣ ಏನೇ ಇರಲಿ, ಉಪಚಾರ ಒಂದೇ. ಮೊದಲನೆಯ ನೀರುಭೇದಿಯಾದ ಕೂಡಲೇ ಕುಡಿಸಲು ಆರಂಭಿಸಬೇಕು.

ಓ.ಆರ್.ಎಸ್. ಕಲಸುವ ಕ್ರಮ

ಸಕ್ಕರೆ ಅಂಶವಾದ ಗ್ಲೂಕೋಸ್ ಮತ್ತು ಉಪ್ಪು ತಕ್ಕ ಪ್ರಮಾಣದಲ್ಲಿ ಕರುಳಿಗೆ ಹೋದರೆ ಎರಡೂ ಜೊತೆಯಾಗಿ ರಕ್ತಕ್ಕೆ ಸೇರುತ್ತವೆ, ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತವೆ. ಭೇದಿ ಇನ್ನೂ ನಡೆಯುತ್ತಿರುವಾಗಲೂ ಈ ಬಾಗಿಲು ತೆರೆದೇ ಇರುತ್ತದೆ. 1971ರಲ್ಲಿ ಬಾಂಗ್ಲಾ ಯುದ್ಧದ ವೇಳೆ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತ್ತು, ಸಲೈನ್ ಮುಗಿಯುತ್ತ ಬಂದಿತ್ತು. ಆಗ ಡಾ. ದಿಲೀಪ್ ಮಹಾಲನಾಬಿಸ್ ಅವರು ಉಪ್ಪು, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಲೋಟ ಲೋಟವಾಗಿ ಕುಡಿಸಿದರು. ಸಾವಿರಾರು ಜೀವ ಉಳಿದವು. 2022ರಲ್ಲಿ ತೀರಿಕೊಂಡ ಅವರಿಗೆ 2023ರಲ್ಲಿ ಪದ್ಮವಿಭೂಷಣ ಘೋಷಣೆಯಾಯಿತು. ಅಲ್ಲಿ ಕುಡಿಸಿದವರು ನರ್ಸುಗಳಲ್ಲ, ನಿಮ್ಮ ಹಾಗೆ ರೋಗಿಯ ಪಕ್ಕದಲ್ಲಿ ಕುಳಿತಿದ್ದ ಬಂಧುಗಳು ಎಂಬುದನ್ನು ನಾನು ಪ್ರತಿ ತರಗತಿಯಲ್ಲೂ ಹೇಳುತ್ತೇನೆ.

ಈಗ ಪೊಟ್ಟಣವನ್ನು ಕೈಗೆ ತೆಗೆದುಕೊಳ್ಳಿ. ಎಷ್ಟು ನೀರಿಗೆ ಎಂದು ಅದರ ಮೇಲೆ ಬರೆದಿರುತ್ತದೆ. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ. ಅಂಗಡಿಯಲ್ಲಿ ಸಿಗುವ ಚಿಕ್ಕ ಪೊಟ್ಟಣ 200 ಮಿ.ಲೀ. ನೀರಿಗೆ. ಓದಲು ಬಾರದಿದ್ದರೆ ಕೇಳಿ ತಿಳಿದುಕೊಳ್ಳಿ, ಇದರಲ್ಲಿ ನಾಚಿಕೆ ಬೇಡ. ನಾನು ನೋಡಿರುವ ದೊಡ್ಡ ತಪ್ಪು ಇಲ್ಲಿಯೇ ಆಗುತ್ತದೆ. ಲೀಟರಿನ ಪೊಟ್ಟಣವನ್ನು ಒಂದು ಲೋಟ ನೀರಿಗೆ ಸುರಿದುಬಿಡುತ್ತಾರೆ, ಇಲ್ಲವೇ ಇವತ್ತು ಸ್ವಲ್ಪ, ನಾಳೆ ಸ್ವಲ್ಪ ಎಂದು ಚಿಟಿಕೆ ಚಿಟಿಕೆ ಹಾಕುತ್ತಾರೆ. ಗಟ್ಟಿಯಾದರೆ ಮಗುವಿನ ಮೈಯಲ್ಲಿ ಉಪ್ಪು ಏರಿ ಅಪಾಯವಾಗುತ್ತದೆ, ತೆಳ್ಳಗಾದರೆ ಕೆಲಸ ಮಾಡುವುದಿಲ್ಲ.

ಕೈ ಸಾಬೂನಿನಿಂದ ತೊಳೆಯಿರಿ. ಕುದಿಸಿ ಆರಿಸಿದ ನೀರನ್ನು ಲೀಟರ್ ಬಾಟಲಿಯಿಂದ ಅಳೆದು ಚೊಕ್ಕ ಪಾತ್ರೆಗೆ ಹಾಕಿ, ಪೊಟ್ಟಣ ಪೂರ್ತಿ ಸುರಿದು ಕಲಕಿ ಮುಚ್ಚಿಡಿ. ಮತ್ತೆ ಕುದಿಸಬೇಡಿ. ಸಕ್ಕರೆ, ಹಾಲು, ಹಣ್ಣಿನ ರಸ ಏನನ್ನೂ ಸೇರಿಸಬೇಡಿ. 24 ತಾಸು ದಾಟಿದರೆ ಉಳಿದದ್ದನ್ನು ಚೆಲ್ಲಿ ಹೊಸದಾಗಿ ಕಲಸಿ.

ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಭೇದಿಯಾದ ಮೇಲೆ 50ರಿಂದ 100 ಮಿ.ಲೀ., ಅದಕ್ಕಿಂತ ದೊಡ್ಡ ಮಗುವಿಗೆ 100ರಿಂದ 200 ಮಿ.ಲೀ. ಕೊಡಿ. ಬಟ್ಟಲು-ಚಮಚೆಯಿಂದ, ನಿಧಾನವಾಗಿ. ಹಾಲಿನ ಬಾಟಲಿ ಬೇಡವೇ ಬೇಡ. ಅದರ ನಿಪ್ಪಲಿನೊಳಗೆ ಕುಳಿತ ಹೊಲಸು ಎಷ್ಟು ತೊಳೆದರೂ ಹೋಗುವುದು ಕಷ್ಟ. ಮಗು ವಾಂತಿ ಮಾಡಿದರೆ ಹೆದರಿ ಬಿಡಬೇಡಿ. ಹತ್ತು ನಿಮಿಷ ತಡೆದು, ಮತ್ತೆ ಎರಡು ಮೂರು ನಿಮಿಷಕ್ಕೊಂದು ಚಮಚೆಯಂತೆ ಆರಂಭಿಸಿ. ರಾತ್ರಿ ಇದು ಬೇಸರದ ಕೆಲಸ, ಗೊತ್ತು. ತಾಯಿಯೊಬ್ಬಳೇ ಎಷ್ಟು ಹೊತ್ತು ಕೂಡುತ್ತಾಳೆ? ಅಪ್ಪನೂ ಒಂದು ಪಾಳಿ ಚಮಚೆ ಹಿಡಿಯಲಿ.

ಪೊಟ್ಟಣ ಸಿಗದ ಹೊತ್ತಿನಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಹಾಚಮಚೆ ಸಕ್ಕರೆ, ಅರ್ಧ ಸಮ ಚಹಾಚಮಚೆ ಉಪ್ಪು ಬೆರೆಸಿ ಕೊಡಬಹುದು. ಚಮಚೆಯ ಮೇಲೆ ಗೋಪುರ ಏಳದಂತೆ ಅಳೆಯಿರಿ. ಬಾಯಿಗೆ ಹಾಕಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿಬಿಡಿ. ಆರು ತಿಂಗಳು ದಾಟಿದ ಮಗುವಿಗೆ ಇದರ ಜೊತೆಗೆ ಅಕ್ಕಿ ಗಂಜಿ, ಉಪ್ಪು ಹಾಕಿದ ತೆಳು ಮಜ್ಜಿಗೆ, ಬೇಳೆಯ ಕಟ್ಟು, ಎಳನೀರು ಕೊಡಬಹುದು.

ಬಣ್ಣದ ಸೋಡಾ, ಡಬ್ಬದ ಹಣ್ಣಿನ ರಸ, ಬರೀ ಗ್ಲೂಕೋಸ್ ಪುಡಿ ಇವು ಬೇಡ. ಸಿಹಿ ಹೆಚ್ಚಾದರೆ ಕರುಳು ಮೈಯೊಳಗಿನ ನೀರನ್ನೇ ಹೊರಗೆಳೆಯುತ್ತದೆ, ಭೇದಿ ಹೆಚ್ಚುತ್ತದೆ. ಓ.ಆರ್.ಎಸ್. ಎಂಬ ಹೆಸರು ಹೊತ್ತು ಸಿಹಿ ಪಾನೀಯಗಳು ಬಹಳ ವರ್ಷ ಔಷಧದಂಗಡಿಯಲ್ಲೇ ಮಾರಾಟವಾದವು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಇಲ್ಲದ ಪಾನೀಯಗಳಿಗೆ ಆ ಹೆಸರು ಬಳಸಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶ ಮಾಡಿದೆ. ಆದರೂ ಕೊಳ್ಳುವಾಗ "ಪುಡಿಯ ಪೊಟ್ಟಣವೇ ಕೊಡಿ" ಎಂದು ಕೇಳಿ. ಅಂಗನವಾಡಿಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಉಚಿತ.

ಎದೆಹಾಲು, ಊಟ, ಜಿಂಕ್

ಎದೆಹಾಲನ್ನು ಒಂದು ಹೊತ್ತೂ ನಿಲ್ಲಿಸಬೇಡಿ, ಇನ್ನೂ ಹೆಚ್ಚು ಸಲ ಕುಡಿಸಿ. ದೊಡ್ಡ ಮಗುವಿಗೆ ಮೆತ್ತಗಿನ ಅನ್ನ-ಮೊಸರು, ಹೆಸರುಬೇಳೆ ಕಿಚಡಿ, ಜೋಳದ ನುಚ್ಚು, ಬಾಳೆಹಣ್ಣು, ಹೀಗೆ ಮನೆಯಲ್ಲಿದ್ದದ್ದನ್ನು ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಐದಾರು ಸಲ ಕೊಡಿ. ಆಸ್ಪತ್ರೆಯಲ್ಲಿ ಇರುವವರು ದಾಸೋಹದಲ್ಲಿ ಖಾರ ಹಾಕುವ ಮೊದಲೇ ಬೇಳೆ-ಅನ್ನವನ್ನು ಕೇಳಿ ಪಡೆಯಿರಿ, ಕಿವಿಚಿ ತಿನ್ನಿಸಿ. ಉಪವಾಸದಿಂದ ಭೇದಿ ನಿಲ್ಲುವುದಿಲ್ಲ, ಮಗು ಮಾತ್ರ ಸೊರಗುತ್ತದೆ.

ಓ.ಆರ್.ಎಸ್. ಜೊತೆ ವೈದ್ಯರು ಜಿಂಕ್ ಮಾತ್ರೆ ಬರೆಯುತ್ತಾರೆ. ನಮ್ಮ ಸರ್ಕಾರಿ ಕ್ರಮದಂತೆ ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ.ನ ಒಂದು ಮಾತ್ರೆ, ಎರಡರಿಂದ ಆರು ತಿಂಗಳ ಮಗುವಿಗೆ ಅರ್ಧ ಮಾತ್ರೆ, ಒಟ್ಟು 14 ದಿನ. ಚಮಚೆಯಲ್ಲಿ ಎದೆಹಾಲಿಗೋ ಶುದ್ಧ ನೀರಿಗೋ ಹಾಕಿ ಕರಗಿಸಿ ಕೊಡಿ. ಮೂರನೆಯ ದಿನ ಭೇದಿ ನಿಂತ ಕೂಡಲೇ ಉಳಿದ ಮಾತ್ರೆಗಳು ಮನೆಯ ಮಾಡದಲ್ಲಿ ಕುಳಿತುಕೊಳ್ಳುವುದನ್ನು ಬಲ್ಲೆ. ಹದಿನಾಲ್ಕೂ ಮುಗಿಸಿ. ಮುಂದಿನ ಎರಡು ಮೂರು ತಿಂಗಳು ಮತ್ತೆ ಭೇದಿ ಬರುವ ಸಂಭವ ಕಡಿಮೆಯಾಗುವುದು ಅದರಿಂದ.

ಭೇದಿ ಕಟ್ಟಿಹಾಕುವ ಮಾತ್ರೆಯನ್ನು ಮಕ್ಕಳಿಗೆ ಕೊಡಬಾರದು. ಆಂಟಿಬಯಾಟಿಕ್ ಔಷಧ ಹೆಚ್ಚಿನ ಭೇದಿಗಳಿಗೆ ಬೇಕಾಗುವುದೇ ಇಲ್ಲ. ರಕ್ತ ಬಿದ್ದರೆ ಅಥವಾ ಕಾಲರಾ ಇದ್ದರೆ ವೈದ್ಯರು ಕೊಡುತ್ತಾರೆ. "ಒಂದು ಸೂಜಿನಾದರೂ ಮಾಡ್ರಿ" ಎಂದು ಒತ್ತಾಯ ಮಾಡಬೇಡಿ.

ನೆತ್ತಿ ಕುಸಿದರೆ

ನಮ್ಮ ಅಜ್ಜಿಯರು ಒಂದು ವಿಷಯವನ್ನು ಬಹಳ ಸರಿಯಾಗಿ ಗುರುತಿಸುತ್ತಾರೆ. "ಕೂಸಿನ ನೆತ್ತಿ ಕುಸಿದೈತಿ" ಎನ್ನುತ್ತಾರಲ್ಲ, ಅದು ಮೈಯಲ್ಲಿ ನೀರು ಬತ್ತಿದ್ದರ ನಿಜವಾದ ಲಕ್ಷಣ. ಎಡವುವುದು ಮುಂದಿನ ಹೆಜ್ಜೆಯಲ್ಲಿ. ನೆತ್ತಿಗೆ ಎಣ್ಣೆ ಒತ್ತುವುದರಿಂದಾಗಲಿ, ಬಾಯೊಳಗೆ ಬೆರಳು ಹಾಕಿ ಅಂಗಳ ಎತ್ತುವುದರಿಂದಾಗಲಿ ಅದು ಏಳುವುದಿಲ್ಲ. ಮೈಗೆ ನೀರು ಸೇರಿದರೆ ತಾನಾಗಿ ಏಳುತ್ತದೆ. ಕೆಲವು ಕಡೆ ಇನ್ನೂ ಹೊಟ್ಟೆಗೆ ಬರೆ ಹಾಕುತ್ತಾರೆ. ಅದನ್ನು ಯಾವ ಕಾರಣಕ್ಕೂ ಮಾಡಿಸಬೇಡಿ. ಬಳಲಿದ ಕೂಸಿಗೆ ಸುಟ್ಟ ಗಾಯವೂ ಸೇರಿದರೆ ನಂಜಾಗಿ ಜೀವಕ್ಕೇ ಬರುತ್ತದೆ.

ನಂಬಿಕೆಯ ಬಗ್ಗೆ ಒಂದು ಮಾತು. ಹಣೆಗೆ ವಿಭೂತಿ ಹಚ್ಚಿರಿ, ನಮ್ಮದೇನೂ ಅಡ್ಡಿಯಿಲ್ಲ. ಬಾಯಿಗೆ ಮಾತ್ರ ಬೇಡ. ಆರು ತಿಂಗಳು ತುಂಬುವವರೆಗೆ ಎದೆಹಾಲು ಮತ್ತು ವೈದ್ಯರು ಹೇಳಿದ ಔಷಧವನ್ನು ಬಿಟ್ಟು ಜೇನು, ಗುಟ್ಟಿ, ಸಕ್ಕರೆ ನೀರು, ತೀರ್ಥ ಯಾವುದೂ ಮಗುವಿನ ಬಾಯಿಗೆ ಹೋಗಬಾರದು. ಜಾತ್ರೆಗೆ ಬಂದಾಗ ಇದು ಮರೆತುಹೋಗುತ್ತದೆ.

ತಡಮಾಡದೆ ಆಸ್ಪತ್ರೆಗೆ ಬನ್ನಿ

ಮಗು ಮಂಕಾಗಿ ಬಿದ್ದಿದೆ, ಎಬ್ಬಿಸಿದರೂ ಏಳುತ್ತಿಲ್ಲ, ಕುಡಿಯಲು, ಎದೆಹಾಲು ಚೀಪಲು ಆಗುತ್ತಿಲ್ಲ, ಕುಡಿದದ್ದೆಲ್ಲ ವಾಂತಿಯಾಗುತ್ತಿದೆ, ಕಣ್ಣು ಗುಳಿಬಿದ್ದಿದೆ, ಹೊಟ್ಟೆಯ ಚರ್ಮ ಹಿಡಿದು ಬಿಟ್ಟರೆ ಮಡಿಕೆ ಬೇಗ ಬಿಡುತ್ತಿಲ್ಲ, ಆರು ತಾಸಿನಿಂದ ಮೂತ್ರ ಹೋಗಿಲ್ಲ, ಮಲದಲ್ಲಿ ರಕ್ತವಿದೆ, ಜ್ವರ ಜೋರಾಗಿದೆ, ಫಿಟ್ಸ್ ಬಂದಿದೆ. ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ. ಎರಡು ತಿಂಗಳೊಳಗಿನ ಕೂಸಿಗೆ ಭೇದಿಯಾದರೆ ಇವು ಯಾವುವೂ ಇಲ್ಲದಿದ್ದರೂ ತೋರಿಸಲೇಬೇಕು. ಮಗುವಿಗೆ ಎಚ್ಚರವಿದ್ದು ಕುಡಿಯುತ್ತಿದ್ದರೆ ದಾರಿಯುದ್ದಕ್ಕೂ ಚಮಚೆಯಿಂದ ಕುಡಿಸುತ್ತ ಬನ್ನಿ. ಎಚ್ಚರವಿಲ್ಲದ ಮಗುವಿನ ಬಾಯಿಗೆ ಮಾತ್ರ ಏನನ್ನೂ ಹಾಕಬೇಡಿ.

ಮನೆಗೆ ಹೋಗುವ ಮುನ್ನ

ಮಗುವಿನ ಮಲದಿಂದ ರೋಗ ಹರಡುವುದಿಲ್ಲ ಎಂಬ ತಪ್ಪು ಕಲ್ಪನೆ ಇದೆ. ಅದನ್ನೂ ಶೌಚಾಲಯಕ್ಕೇ ಹಾಕಿ, ಕೈಯನ್ನು ಸಾಬೂನಿನಿಂದ ತೊಳೆದೇ ಒಲೆಯ ಹತ್ತಿರ ಹೋಗಿ. ಕೊಡದಿಂದ ನೀರು ತೆಗೆಯಲು ಉದ್ದ ಹಿಡಿಯ ಸೌಟು ಇಡಿ, ಕೈ ಅದ್ದಬೇಡಿ. ರೋಟಾ ವೈರಸ್ ಎಂಬ ರೋಗಾಣು ಎಳೆಯ ಮಕ್ಕಳಿಗೆ ಜೋರಾದ ಭೇದಿ ತರುತ್ತದೆ. ಅದರ ಲಸಿಕೆ ಸರ್ಕಾರಿ ಕಾರ್ಯಕ್ರಮದಲ್ಲಿ 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಆರಂಭವಾಗಿ 2019ರಲ್ಲಿ ದೇಶದ ಎಲ್ಲ ಕಡೆ ಬಂದಿತು. ಆರು, ಹತ್ತು, ಹದಿನಾಲ್ಕನೆಯ ವಾರದಲ್ಲಿ ಬಾಯಿಗೆ ಕೊಡುತ್ತಾರೆ, ಹಣವಿಲ್ಲ. ತಾಯಿ ಕಾರ್ಡಿನಲ್ಲಿ ಗುರುತು ಬಿದ್ದಿದೆಯೇ ನೋಡಿಸಿಕೊಳ್ಳಿ.

ಭೇದಿ ನಿಂತ ಮೇಲೆ ಎರಡು ವಾರ ಮಗುವಿಗೆ ದಿನಕ್ಕೆ ಒಂದು ಊಟ ಹೆಚ್ಚಿಗೆ ಕೊಡಿ, ಇಳಿದ ತೂಕ ಮರಳಿ ಬರುತ್ತದೆ. ಬಿಡುಗಡೆಯ ದಿನ ವಾರ್ಡಿನ ಸಿಸ್ಟರ್ ಎದುರು ಒಂದು ಪೊಟ್ಟಣವನ್ನು ನೀವೇ ಕಲಸಿ ತೋರಿಸಿ. ಅಜ್ಜಿ ಜೊತೆಗೆ ಬಂದಿದ್ದರೆ ಅವರ ಕೈಯಿಂದಲೇ ಕಲಸಿಸಿ. ಮನೆಯಲ್ಲಿ ಎರಡು ಪೊಟ್ಟಣ ಸದಾ ಇರಲಿ, ತಾಯಿ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ.